ಮುಗಿದ ಆಟಕ್ಕೊಂದು ಹರಕೆ

ಕ್ರಿಕೆಟ್ ಹುಚ್ಚಿನವರನ್ನು ಬೇರೆ ಆಟದ ಹತ್ತಿರ ಬಿಡಬಾರದು, ಏನಾದರೊಂದು ಆಗಿಯೇ ಆಗುತ್ತದೆ. ನನ್ನ ವಿಷಯದಲ್ಲಂತೂ ಆಗುತ್ತಲೇ ಬಂತು. ಈಗ ರಿಟೈರಾಗಿ ಕೂತಿದ್ದೇನೆ, ನೆನೆಸಿಕೊಂಡು ಒಬ್ಬನೇ ನಗುತ್ತಿರುತ್ತೇನೆ.

೧

ಎಂಬತ್ತರ ದಶಕದ ಕೊನೆ, ಸಿಡ್ನಿಯಲ್ಲಿ ನಮ್ಮ ಆಫೀಸಿನ ಪಿಕ್‌ನಿಕ್. ನಮ್ಮ ಬಾಸು ಅಮೆರಿಕದವರು. ಬೇಸ್‌ಬಾಲ್ ಬ್ಯಾಟು ತಂದು ನನ್ನ ಕೈಗೇ ಕೊಟ್ಟರು. ಮೈಸೂರಿನಲ್ಲಿ ಕಾಲೇಜ್ ಟೀಮಿಗೆ ಓಪನಿಂಗ್ ಇಳಿಯುತ್ತಿದ್ದವನು ನಾನು, ಬಿಡುತ್ತೇನೆಯೇ? ಮೊದಲ ಚೆಂಡನ್ನೇ ಮರಗಳಾಚೆ ಅಟ್ಟಿದೆ. ಬ್ಯಾಟು ಹಿಡಿದುಕೊಂಡೇ ಮೊದಲ ಬೇಸ್‌ವರೆಗೆ ಓಡಿ, ನೆಲಕ್ಕೆ ಮುಟ್ಟಿಸಿ, ತಿರುಗಿ ವಾಪಸ್ ಓಡಿಬಂದೆ.

ಬಾಸು ತಲೆಮೇಲೆ ಕೈ ಹೊತ್ತು ಕೂಗಿದರು: "ಮುಂದಕ್ಕೆ ಓಡೋ ಮಹರಾಯ, ಮುಂದಕ್ಕೆ! ನಾಲ್ಕು ಬೇಸೂ ಸುತ್ತಿ ಬಾ!"

ನಾನು ಏದುಸಿರು ಬಿಡುತ್ತಾ ಹೇಳಿದೆ: "ಎರಡು ರನ್ ಆಯ್ತಲ್ಲ ಸಾರ್, ಸದ್ಯಕ್ಕೆ ಸಾಕು ಬಿಡಿ."

೨

ತೊಂಬತ್ತರ ದಶಕದಲ್ಲಿ ನಾನೂ ಬಾಸೂ ಇಬ್ಬರೂ ಮೆಲ್ಬರ್ನಿಗೆ ಬಂದೆವು. ಗ್ಲೆನ್ ವೇವರ್ಲಿಯಲ್ಲಿ ಅವರ ಮನೆ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ. ಹೆಂಡತಿ ತೀರಿಕೊಂಡಿದ್ದರು, ಒಬ್ಬರೇ ಇದ್ದರು. ಒಂದು ದಿನ ಒಂದು ಕ್ಯಾಸೆಟ್ ತೋರಿಸಿದರು. ಐವತ್ತರ ದಶಕದಲ್ಲಿ ಅವರ ಊರಿನ ತಂಡ ಆಡಿದ ಬೇಸ್‌ಬಾಲ್ ಮ್ಯಾಚಿನ ರೇಡಿಯೊ ಕಾಮೆಂಟರಿ. ಅಪ್ಪನ ಜೊತೆ ಸ್ಟೇಡಿಯಮ್ಮಿನಲ್ಲಿ ಕೂತು ನೋಡಿದ್ದರಂತೆ. ಕೊನೇ ಚೆಂಡಿನವರೆಗೂ ಎಳೆದಾಡಿದ ಆಟ.

"ಏನಾಯ್ತು ಅಂತ ಗೊತ್ತಿದ್ದುಕೊಂಡು ಒಬ್ಬನೇ ಕೇಳಿ ಕೇಳಿ ಬೇಜಾರಾಗಿದೆ ಕಣಯ್ಯ," ಅಂದರು. "ಗೊತ್ತಿಲ್ಲದವರ ಜೊತೆ ಒಂದು ಸಲ ಕೂತರೆ, ಆವತ್ತಿನ ಆ ಆಸೆ ಮತ್ತೆ ಹುಟ್ಟುತ್ತೇನೋ."

"ನಮ್ಮ ಮನೆಗೆ ಬನ್ನಿ ಸಾರ್," ಅಂದೆ. "ಏನೂ ಗೊತ್ತಿಲ್ಲದವರೇ ತುಂಬಿಕೊಂಡಿದ್ದೀವಿ."

೩

ಭಾನುವಾರ ಉಪ್ಪಿಟ್ಟು ಕಾಫಿ ಆಯಿತು, ಟೇಪ್‌ರೆಕಾರ್ಡರ್ ಶುರುವಾಯಿತು. ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆಯೂ ಕೂತರು. ಅವರಿಗೆ ಇಂಗ್ಲಿಷ್ ಬಾರದು, ನಾನು ಕನ್ನಡದಲ್ಲಿ ಹೇಳುತ್ತಿದ್ದೆ.

"ಅಳಿಯಂದ್ರೇ, ಇದರಲ್ಲಿ ನಮ್ಮೋರು ಯಾರು?"

"ಇವರ ಊರಿನೋರು ಅತ್ತೆ."

ಅಷ್ಟೇ ಸಾಕಾಯಿತು. ಎದುರು ತಂಡದವನು ಚೆಂಡು ಎಸೆದಾಗಲೆಲ್ಲ "ಅವನ ಕೈ ಸೇದಿಹೋಗ" ಅನ್ನತೊಡಗಿದರು. ಕೊನೆಯ ಇನ್ನಿಂಗ್ಸ್ ಬಂತು. ನಮ್ಮವರು ಒಂದೇ ಒಂದು ರನ್ ಹಿಂದೆ.

"ಡ್ರಾ ಮಾಡ್ಕೊಳ್ಳಕ್ಕಾಗಲ್ವಾ?"

"ಇದರಲ್ಲಿ ಡ್ರಾ ಇಲ್ಲ ಅತ್ತೆ. ಗೆಲ್ಲಬೇಕು, ಇಲ್ಲ ಸೋಲಬೇಕು."

"ಎಂಥಾ ಆಟಾನೋ! ಮರ್ಯಾದೆಯಾಗಿ ಮನೆಗೆ ಬರೋಕೆ ದಾರೀನೇ ಇಲ್ಲ."

೪

ನಮ್ಮವರು ಇಬ್ಬರು ಔಟು, ಇಬ್ಬರು ಬೇಸ್‌ಗಳ ಮೇಲೆ. ಇನ್ನೊಬ್ಬ ಔಟಾದರೆ ಕಥೆ ಮುಗಿಯಿತು. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದರು: "ತಾಯಿ ಚಾಮುಂಡಿ, ಇವರನ್ನ ಗೆಲ್ಲಿಸು. ಊರಿಗೆ ಹೋದವಳೇ ಬೆಟ್ಟದ ಮೆಟ್ಟಿಲು ಹತ್ತಿ ಬರ್ತೀನಿ."

ಮಂಡಿನೋವಿಗೆ ನಮ್ಮ ಮನೆಯ ನಾಲ್ಕು ಮೆಟ್ಟಿಲನ್ನೇ ಶಪಿಸುತ್ತಾ ಹತ್ತುತ್ತಿದ್ದ ಹೆಂಗಸು!

ನನ್ನ ಹೆಂಡತಿ ಗಾಬರಿಯಾದಳು. "ಅಮ್ಮಾ, ಈ ಆಟ ಮುಗಿದು ನಲವತ್ತು ವರ್ಷ ಆಗಿದೆ!"

"ಯಾರು ಗೆದ್ರು ಅಂತ ನಿಂಗೊತ್ತಾ?"

"ಇಲ್ಲ."

"ಮತ್ತೆ ಮುಗೀತು ಅಂತ ಹೇಗೆ ಹೇಳ್ತೀಯೆ? ಸುಮ್ನೆ ಕೂತ್ಕೋ."

ಚೆಂಡು ಆಕಾಶಕ್ಕೆ ಹೋಯಿತು. ಬೇಲಿಯವರೆಗೂ ಹೋಯಿತು. ಅಲ್ಲಿ ಯಾವನೋ ಬೇಲಿಗೆ ಆತುಕೊಂಡು ಹಿಡಿದುಬಿಟ್ಟ. ಸೋತೆವು. ಬಾಸು ತಲೆ ತಗ್ಗಿಸಿದರು.

ಅತ್ತೆ ಮಾತ್ರ ಸೆರಗು ಬಿಗಿದು ಕೂತರು. "ತಪ್ಪು ನನ್ನದೇ. ಹರಕೆ ಹೇಳ್ಕೊಳ್ಳೋದು ತಡವಾಯ್ತು. ಹಿಂದಕ್ಕೆ ತಿರುಗಿಸಿ ಇನ್ನೊಂದು ಸಲ ಹಾಕೋಕೆ ಹೇಳಿ, ಮೊದಲಿಂದಲೇ ಹೇಳ್ಕೋತೀನಿ."

ನಾನು ಹೇಗೋ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಬಾಸು ಅತ್ತೆಯ ಮುಖ ನೋಡಿದರು, ನನ್ನ ಮುಖ ನೋಡಿದರು. ಎದ್ದುಹೋಗಿ ಕ್ಯಾಸೆಟ್ ಹಿಂದಕ್ಕೆ ತಿರುಗಿಸಿದರು.

ಮತ್ತೆ ಅದೇ ಕೊನೆಯ ಇನ್ನಿಂಗ್ಸ್, ಮತ್ತೆ ಇಬ್ಬರು ಔಟು. ಚೆಂಡು ಮೇಲೆದ್ದಿತು. ಪಕ್ಕಕ್ಕೆ ತಿರುಗಿ ನೋಡುತ್ತೇನೆ, ಬಾಸು ಥೇಟ್ ಅತ್ತೆಯ ಹಾಗೆ ಕೈ ಮುಗಿದು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೂತಿದ್ದಾರೆ. ಟೇಪಿನಲ್ಲಿ ಜನರ ಗದ್ದಲ ಮುಗಿಯಿತು. ಕಣ್ಣು ತೆರೆಯದೆಯೇ ನನ್ನ ತೋಳು ಹಿಡಿದುಕೊಂಡು, ಮೆಲ್ಲಗೆ ಕೇಳಿದರು:

"ಏನಾಯ್ತು?"