ದೀಪಕ್ಕೆ ನೇರವಾಗಿ ಅಪ್ಪಣೆ ಕೊಡತಕ್ಕದ್ದಲ್ಲ

ಶಾಖಾ ಕಚೇರಿ, ಸಯನ್, ಮುಂಬಯಿ
ಸಂಖ್ಯೆ: ಶಾಕ/ದೀಪ/ನೇರ/1992-93
ದಿನಾಂಕ: 15 ಜೂನ್ 1992

ವಿಷಯ: ಕಿಟಕಿಯ ಗುಂಡಿ ಒತ್ತಿದ ಕೂಡಲೇ ಅಧೀಕ್ಷಕರ ಮೇಜಿನ ದೀಪ ಹತ್ತುತ್ತಿರುವ ಬಗ್ಗೆ.
ಉಲ್ಲೇಖ: ಗುಮಾಸ್ತ ಶ್ರೀ ಜಯಸಿಂಹ ಅವರ ಲಿಖಿತ ವಿವರಣೆ.

ಬೊರಿವಲಿ ನಿವಾಸಿ ಶ್ರೀ ಜಯಸಿಂಹ ಅವರು ಮೈಕ್ರೋಕಂಟ್ರೋಲರ್ ಚಿಪ್ ಒಂದನ್ನು ಕೊಂಡು, ನಡುವೆ ಬೇರಾವ ಪ್ರೋಗ್ರಾಮಿನ ಹಂಗೂ ಇಲ್ಲದೆ ಅದರದೇ ಸಂಕೇತಗಳಲ್ಲಿ ಅದಕ್ಕೆ ಆದೇಶ ಬರೆಯುವುದನ್ನು ಹವ್ಯಾಸಕ್ಕಾಗಿ ಮನೆಯಲ್ಲಿ ಕಲಿತಿರುತ್ತಾರೆ. ಅಲ್ಲಿಯವರೆಗೆ ಇಲಾಖೆಯ ಆಕ್ಷೇಪಣೆ ಇರಲಿಲ್ಲ. ಆದರೆ ಸಾರ್ವಜನಿಕರು ಕಿಟಕಿಯಲ್ಲಿ ಗಂಟಲು ಹರಿದುಕೊಳ್ಳುವುದನ್ನು ನೋಡಲಾರದೆ, ಹೊರಗೆ ಗುಂಡಿಯನ್ನೂ ಒಳಗೆ ದೀಪವನ್ನೂ ಅಳವಡಿಸಿ, ಅಧೀಕ್ಷಕರ ಉಪಾಹಾರೋತ್ತರ ಚಿಂತನೆಗೆ ಭಂಗ ತಂದಿರುತ್ತಾರೆ. ಆದ್ದರಿಂದ ಈ ಕೆಳಕಂಡಂತೆ ಕಟ್ಟಪ್ಪಣೆ ಮಾಡಲಾಗಿದೆ:

1. ಚಿಪ್ ದೀಪಕ್ಕೆ ನೇರ ಆದೇಶ ನೀಡುವುದು ಸೂಕ್ತ ಮಾರ್ಗದ ಉಲ್ಲಂಘನೆ. ಇನ್ನು ಮುಂದೆ ಗುಂಡಿಯು ಚಿಪ್‌ಗೆ, ಚಿಪ್ ಮುಖ್ಯ ಗುಮಾಸ್ತರಿಗೆ ಮನವಿ ಸಲ್ಲಿಸತಕ್ಕದ್ದು. ಮಂಜೂರಾತಿ ಬಂದ ನಂತರ ದೀಪ ಹತ್ತಬಹುದು.

2. "ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತಾಗಬಾರದೆಂದೇ ನಡುವಿನವರನ್ನು ಬಿಟ್ಟೆ" ಎಂದು ಶ್ರೀ ಜಯಸಿಂಹ ಬರೆದಿರುತ್ತಾರೆ. ಈ ಕಚೇರಿಗೆ ಮಂಜೂರಾಗಿರುವ ಹುದ್ದೆಗಳೆಲ್ಲವೂ ಪೂಜಾರಿಯವೇ ಆಗಿದ್ದು, ದೇವರ ಹುದ್ದೆ ಮೊದಲಿನಿಂದಲೂ ಖಾಲಿ ಇರುವುದನ್ನು ಅವರ ಗಮನಕ್ಕೆ ತರಲಾಗಿದೆ.

3. ಗುಂಡಿ ಒತ್ತಿದೊಡನೆ ಚಿಪ್ ಕೈಲಿದ್ದ ಕೆಲಸ ಬಿಟ್ಟು ಅದಕ್ಕೆ ಓಗೊಡುತ್ತದೆಂದು ತಿಳಿದುಬಂದಿದೆ. ಇಂಥ ನಡತೆ ಇತರರಿಗೂ ಅಂಟುವ ಅಪಾಯವಿರುವುದರಿಂದ, ಚಿಪ್ಪನ್ನು ಹಿರಿಯ ಸಿಬ್ಬಂದಿಯ ಪಕ್ಕ ಕೂರಿಸಿ ತರಬೇತಿ ಕೊಡಿಸತಕ್ಕದ್ದು.

4. ಕಟ್ಟಡ ಕೆಲಸದ ಶ್ರೀಮತಿ ಸುಂದ್ರವ್ವ ಅವರು ಮಗಳ ಶಾಲಾ ದಾಖಲಾತಿ ಅರ್ಜಿಗೆ ಮೊಹರು ಬೇಡಿ ಬಂದಿದ್ದು, ದಾಖಲಾತಿಗೆ ಇಂದೇ ಕಡೆಯ ದಿನ. "ಮುಂಜಾನಿಂದ ಒತ್ತಾಕತ್ತೀನ್ರೀ. ದೀಪ ಹತ್ತತೈತಿ, ಸಾಹೇಬ್ರು ಏಳವಲ್ರು" ಎಂದು ದೂರಿರುತ್ತಾರೆ. ದೀಪ ಹತ್ತುತ್ತಿದೆಯೆಂದು ದೂರುದಾರರೇ ಒಪ್ಪಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ.

5. ಆಕೆಯ ಮುಖ ನೋಡಿ ಸಂಕಟವಾಗುತ್ತಿದೆಯೆಂದೂ, ಅಧೀಕ್ಷಕರ ಡ್ರಾಯರಿನಲ್ಲಿರುವ ಮೊಹರು ಕೊಟ್ಟರೆ ತಾವೇ ಒತ್ತುವುದಾಗಿಯೂ ಶ್ರೀ ಜಯಸಿಂಹ ತಿಳಿಸಿರುತ್ತಾರೆ. ಸಂಕಟಕ್ಕೆ ವೈದ್ಯರ ಪ್ರಮಾಣಪತ್ರ ಲಗತ್ತಿಸಿರುವುದಿಲ್ಲ.

6. ದೀಪವನ್ನು ಮಧ್ಯಾಹ್ನ ಮುಟ್ಟುಗೋಲು ಹಾಕಿಕೊಳ್ಳಲಾಗಿದೆ. ತದನಂತರ ದೀಪ ಹತ್ತದಿರುವುದರಿಂದ, ಕಿಟಕಿಯಲ್ಲಿ ಯಾರೂ ಕಾಯುತ್ತಿಲ್ಲವೆಂದು ದಾಖಲಿಸಿ ಕಿಟಕಿಯನ್ನು ಮುಚ್ಚಲಾಗಿದೆ.

(ಸಹಿ ಇದೆ)
ಅಧೀಕ್ಷಕರ ಪರವಾಗಿ
(ಅಧೀಕ್ಷಕರು ಇನ್ನೂ ಎದ್ದಿರುವುದಿಲ್ಲ)

ಪ್ರತಿಗಳು:
ಮುಖ್ಯ ಗುಮಾಸ್ತರು: ಚಿಪ್‌ನಿಂದ ಮನವಿ ಬಂದಲ್ಲಿ ಬಾಕಿ ಇಡಲು.
ಶ್ರೀ ಜಯಸಿಂಹ: ಚಿಪ್‌ಗೆ ಓದಿ ಹೇಳಲು.
ಶ್ರೀಮತಿ ಸುಂದ್ರವ್ವ: ಕಿಟಕಿಯ ಹೊರಗೇ ನಿಂತಿರುವುದರಿಂದ, ಅಂಚೆಯ ಮೂಲಕ.