ಟಿವಿಯಲ್ಲಿ ಉಳಿದುಹೋದ ನನ್ನ ಹಲ್ಲು

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೈಲಹೊಂಗಲದ ಟಿವಿ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್ ಆಗಿರುವ ನಾನು, ಅಲ್ಲಿದ್ದ ಒಂದೇ ಒಂದು ಓಎಲ್‌ಇಡಿ ಟಿವಿಯ ಮೇಲೆ ಐದು ತಿಂಗಳು ನನ್ನದೇ ಫೋಟೊ ಹಾಕಿಟ್ಟಿದ್ದೆ. ನಮ್ಮೂರ ಸರ್ಕಲ್ಲಿನಲ್ಲಿ ಮೀಸೆ ಚಿಗುರಿದವರೆಲ್ಲ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಹಾಕಿಸಿಕೊಂಡು, ಕೈಮುಗಿದು ನಿಂತಿರುತ್ತಾರೆ. ನನಗೆ ಫ್ಲೆಕ್ಸ್ ಹಾಕಿಸುವ ಅಭಿಮಾನಿಗಳಿರಲಿಲ್ಲ, ಟಿವಿ ಇತ್ತು. ಬಿಳಿ ಹಲ್ಲು ಕಿಸಿದು ಕೈಮುಗಿದ ಫೋಟೊ, ಕೆಳಗೆ ‘ಬರ್ರಿ, ಒಳಗ ಬರ್ರಿ’. ಚಿತ್ರ ಅಲುಗಾಡದೆ ನಿಂತರೆ ಟಿವಿ ತಾನಾಗಿಯೇ ಮಂಕಾಗುತ್ತಿತ್ತು. ನನ್ನ ಮುಖದ ಕಳೆ ಅದಕ್ಕೆ ತಡೆಯಲಾಗುತ್ತಿಲ್ಲ ಎಂದುಕೊಂಡು, ಸೆಟ್ಟಿಂಗಿಗೆ ಹೋಗಿ ಆ ಏರ್ಪಾಟನ್ನೇ ಬಂದ್ ಮಾಡಿದೆ.

ನನಗೆ ಇನ್ನೊಂದು ಚಟ, ಮಿಮಿಕ್ರಿ. ಸವದತ್ತಿ ಬಸ್ಸಿನ ಕಂಡಕ್ಟರು, ಸ್ವಂತ ಅಪ್ಪ, ಯಾರನ್ನೂ ಬಿಟ್ಟವನಲ್ಲ. ಅಂಗಡಿಯ ಮಾಲೀಕ ಈರಪ್ಪಣ್ಣ ಮಾತಿಗೆ ಮೊದಲು ಮೂರು ಸಲ ಕೆಮ್ಮುತ್ತಾರೆ. ಆ ಕೆಮ್ಮನ್ನು ಅವರಿಗಿಂತ ಚೆನ್ನಾಗಿ ನಾನು ಕೆಮ್ಮುತ್ತೇನೆ. ಅದು ಅವರ ಕಿವಿಗೂ ಬಿದ್ದಿತ್ತು. “ಈ ಟಿವಿ ಮಾರಿದ್ರ ನೀ ಕೌಂಟರಿನ್ಯಾಗ. ಇಲ್ಲಂದ್ರ ಗೋದಾಮಿನ್ಯಾಗ ವಾಷಿಂಗ್ ಮಷಿನ್ ಹೊರಕೋತ ಇರು” ಎಂದಿದ್ದರು. ಗೋದಾಮಿನಲ್ಲಿ ನನ್ನ ಮಿಮಿಕ್ರಿ ಕೇಳಲು ಇಲಿಗಳಷ್ಟೇ ಇವೆ.

ಮೊನ್ನೆ ಕಿತ್ತೂರಿನಿಂದ ನಿವೃತ್ತ ಶಿಕ್ಷಕಿಯೊಬ್ಬರು ಬಂದರು. ಟಿವಿಯ ಅಂಚನ್ನು ಬೆರಳಲ್ಲಿ ಮುಟ್ಟಿ, “ಕಡಕ್ ರೊಟ್ಟಿ ಇದ್ದಂಗ ಐತಲ್ಲೋ ತಮ್ಮಾ. ಇಷ್ಟು ತೆಳ್ಳಗ ಹೆಂಗ ಮಾಡ್ಯಾರು?” ಎಂದರು.

“ಅಕ್ಕೋರ, ಬ್ಯಾರೆ ಟಿವಿಗೆ ಹಿಂದ ದೀಪದ ಹಾಳಿ ಇರತೈತ್ರಿ. ಕಪ್ಪು ತೋರಸಾಕ ಆ ದೀಪದ ಮುಂದಿರೋ ಸಣ್ಣ ಸಣ್ಣ ಕಿಟಕಿ ಮುಚ್ಚಿದ್ರೂ ಸಂದ್ಯಾಗ ಬೆಳಕು ಸೋರತೈತಿ. ಇದಕ್ಕ ಹಿಂದಿನ ದೀಪಾನ ಇಲ್ರಿ. ಇಂಗಾಲದ ಪದಾರ್ಥದ್ದು ತೆಳು ಪದರ. ಕರೆಂಟ್ ಹರದ್ರ ಒಂದೊಂದು ಚುಕ್ಕಿ ತಾನ ಬೆಳಗತೈತಿ. ಕಪ್ಪು ಬೇಕಂದ್ರ ಆರಿ ಸುಮ್ನ ಕುಂದರತೈತಿ.”

ಕತ್ತಲೆಯ ದೃಶ್ಯವೊಂದನ್ನು ಹಾಕಿದೆ. ಪರದೆ ಎಲ್ಲಿದೆ ಎಂದು ಹುಡುಕಬೇಕು, ಅಷ್ಟು ಕಪ್ಪು. ಅಕ್ಕೋರು ತಲೆದೂಗಿದರು. ಅಲ್ಲಿಗೇ ನಿಲ್ಲಿಸಿದ್ದರೆ ಬಿಲ್ ಆಗುತ್ತಿತ್ತು. ನಾನು ಹೆಚ್ಚಿನ ಜಾಣತನಕ್ಕೆ ನವಿಲುತೀರ್ಥದ ಅಣೆಕಟ್ಟಿನ ವಿಡಿಯೊ ಹಾಕಿದೆ. ಮೋಡ ಕವಿದ ಬೂದು ಆಕಾಶ. ಆಕಾಶದ ತುಂಬ ಮಸುಕಾಗಿ, ಕೈಮುಗಿದು ನಿಂತ ನಾನು. ಐದು ತಿಂಗಳು ಅಲುಗಾಡದೆ ನಿಂತ ಫೋಟೊ ಪರದೆಯಲ್ಲೇ ಅಚ್ಚೊತ್ತಿಬಿಟ್ಟಿತ್ತು. ಫೋಟೊದಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳಗಿದ್ದು ಹಲ್ಲು. ಅಲ್ಲಿನ ಚುಕ್ಕಿಗಳೇ ಹೆಚ್ಚು ಸವೆದು, ಈಗ ಎಲ್ಲಕ್ಕಿಂತ ಕಪ್ಪಾಗಿ ಕಾಣುತ್ತಿದ್ದುದೂ ಹಲ್ಲೇ.

ಅಕ್ಕೋರು ಕನ್ನಡಕ ಏರಿಸಿ ಪರದೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. “ತಮ್ಮಾ, ತಂಬಾಕ ಭಾಳ ತಿಂತಿ ಏನು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಚೀಲ ಎತ್ತಿಕೊಂಡು ಹೊರಟರು.

ಬೆನ್ನ ಹಿಂದೆ ಮೂರು ಕೆಮ್ಮು. ಈ ಸಲ ಅಸಲಿಯವು.

ನಿಮ್ಮ ಮುಂದೆ ಒಪ್ಪಿಕೊಂಡಷ್ಟು ಸಲೀಸಾಗಿ ಅವರ ಮುಂದೆ ಒಪ್ಪಿಕೊಳ್ಳಲಾಗಲಿಲ್ಲ. “ನಂದೇನೂ ತಪ್ಪಿಲ್ರಿ ಅಣ್ಣಾರ. ಇದರ ಗುಣಾನ ಹಂಗ. ಹೆಚ್ಚು ದುಡದ ಚುಕ್ಕಿ ಲಗೂನ ಸವೀತಾವು” ಎಂದೆ.

ಈರಪ್ಪಣ್ಣ ಗೋದಾಮಿನ ಕೀಲಿ ತೆಗೆದು ನನ್ನ ಕೈಗಿಟ್ಟರು.

“ಹಂಗಾದ್ರ ನಿನಗೇನೂ ಚಿಂತಿ ಇಲ್ಲ ಬಿಡು. ನೀ ಇನ್ನೂ ಪ್ಯಾಕ್ ಒಡೀಲಾರದ ಪೀಸು.”