ಕಡುಗಪ್ಪು ಟಿವಿಯವರಿಗೆ, ಗಣಿಯಲ್ಲಿ ಉಳಿದ ಅಣ್ಣನ ಪರವಾಗಿ

ಹಾಲ್‌ನ ಇಡೀ ಗೋಡೆಯನ್ನು ತಮ್ಮದಾಗಿಸಿಕೊಂಡಿರುವ ದೊಡ್ಡ ಟಿವಿಯವರಿಗೆ, ಎದುರಿನ ಸೋಫಾದಿಂದ ಸಾದರ ನಮಸ್ಕಾರಗಳು.

ಮಾನ್ಯರೇ,

ತಾವು ನಮ್ಮ ಮನೆಗೆ ದಯಮಾಡಿಸಿದ್ದು ಸಿನಿಮಾ ತೋರಿಸಲಿಕ್ಕೆ ಎಂಬ ತಿಳಿವಳಿಕೆಯಲ್ಲಿ ನಾನಿದ್ದೆ. ಹಲ್ಲಿನ ಡಾಕ್ಟರ ಸಹಾಯಕಿಯಾಗಿ ವಾರವಿಡೀ ಮಂದಿಯ ಬಾಯೊಳಗೆ ಲೈಟು ಬಿಟ್ಟುಕೊಂಡು ನಿಲ್ಲುವ ನನಗೆ, ಭಾನುವಾರ ಸಂಜೆ ಯಜಮಾನರ ಪಕ್ಕ ಕೂತು ಒಂದೇ ಒಂದು ಸಿನಿಮಾವನ್ನು ಕೊನೆಯವರೆಗೆ ನೋಡಬೇಕೆಂಬುದಷ್ಟೇ ಆಸೆ. ಮದುವೆಯಾದ ಹೊಸದರಲ್ಲಿ ಟಾಕೀಸಿನಲ್ಲಿ ನನಗಿಂತ ಮೊದಲು ಕಣ್ಣೊರೆಸಿಕೊಳ್ಳುತ್ತಿದ್ದವರು ಅವರೇ.

ತಮ್ಮನ್ನು ಆರಿಸಲು ಅವರು ಪಟ್ಟ ಪಾಡನ್ನು ನನ್ನನ್ನು ಆರಿಸುವಾಗ ಪಟ್ಟಿರಲಿಲ್ಲವೆಂದು ಅತ್ತೆಯವರೇ ಸಾಕ್ಷಿ ನುಡಿಯುತ್ತಾರೆ. ಟೇಪು ಹಿಡಿದು ಸೋಫಾದ ದೂರ ಅಳೆದರು, ಕಿಟಕಿಗೆ ದಪ್ಪ ಪರದೆ ಹೊಲಿಸಿದರು, ಗೋಡೆಗೆ ಬೂದು ಬಣ್ಣ ಬಳಿಸಿದರು. ಅಂಗಡಿಯಲ್ಲಿ ತಮ್ಮ ಮೈಮೇಲೆ ಗಿಳಿಯೊಂದು ರೆಕ್ಕೆ ಬಿಚ್ಚುವುದನ್ನು ಕಂಡು, "ಅಬ್ಬಬ್ಬಾ, ಒಂದೊಂದು ಗರಿ ಎಣಿಸ್ಬಹುದು ಕಣೇ!" ಎಂದು ಮರುಳಾದರು. ಮರುಳಾದದ್ದು ಗಿಳಿಗೆ ಎಂಬುದು ಆಮೇಲೆ ತಿಳಿಯಿತು. ಅಂಗಡಿಯವನನ್ನು ಕಾಡಿಬೇಡಿ ಆ ಗಿಳಿಯ ವಿಡಿಯೋವನ್ನೂ ಪೆನ್‌ಡ್ರೈವ್‌ನಲ್ಲಿ ಹಾಕಿಸಿಕೊಂಡು ಬಂದಿದ್ದಾರೆ. ಮನೆಗೆ ಬಂದವರಿಗೆಲ್ಲ ಮೊದಲು ಗಿಳಿ, ಆಮೇಲೆ ಕುಡಿಯಲು ನೀರು.

ತಮ್ಮ ಸಾಮರ್ಥ್ಯದ ಬಗ್ಗೆ ಎರಡು ಮಾತಿಲ್ಲ. ನಾಯಕ ನಕ್ಕರೆ ಅವನ ದವಡೆ ಹಲ್ಲಿಗೆ ತುಂಬಿಸಿದ ಸಿಮೆಂಟು ಸಹ ಕಾಣುತ್ತದೆ. ಭಾನುವಾರವೂ ನನ್ನನ್ನು ಡ್ಯೂಟಿಯಲ್ಲೇ ಇಟ್ಟ ಉಪಕಾರವನ್ನು ಮರೆಯಲಾರೆ. ಇನ್ನು ತಮ್ಮ ಕಪ್ಪಂತೂ ಕಡುಗಪ್ಪು, ಅದೇ ನನ್ನ ಗೋಳು. ನಾವು ನೋಡಲು ಕೂತ ಸಿನಿಮಾದಲ್ಲಿ, ಕುಸಿದ ಗಣಿಯೊಳಗೆ ಸಿಕ್ಕಿಕೊಂಡ ಅಣ್ಣನನ್ನು ಹುಡುಕಿಕೊಂಡು ತಂಗಿ ಒಬ್ಬಳೇ ಇಳಿಯುತ್ತಾಳೆ. ಅವಳು ಇಳಿದಳೋ ಇಲ್ಲವೋ, ಯಜಮಾನರು ಚಿತ್ರ ನಿಲ್ಲಿಸಿ, ಎದ್ದು ಹೋಗಿ, ತಮಗೆ ಮೂಗು ತಾಗಿಸಿ ನಿಂತು, "ಕಪ್ಪು ಅಂದ್ರೆ ಇದು! ನೋಡೇ, ಇಲ್ನೋಡು!" ಎನ್ನುತ್ತಾರೆ. ನೋಡಲು ಅಲ್ಲೇನಿದೆ ಸ್ವಾಮಿ, ಕಪ್ಪು! ಬಳಿಕ ಸೆಟ್ಟಿಂಗು, ಸೆಟ್ಟಿಂಗಿನೊಳಗೆ ಇನ್ನೊಂದು ಸೆಟ್ಟಿಂಗು, ಹೋಲಿಸಿ ನೋಡಲು ಗಿಳಿ, ಅಷ್ಟರಲ್ಲಿ ನನಗೆ ಜೊಂಪು. ಭಾನುವಾರದ ಮೇಲೆ ಭಾನುವಾರ ಹೋಯಿತು, ಆ ಅಣ್ಣ ಗಣಿಯಲ್ಲೇ ಉಳಿದ. ಬದುಕಿದ್ದಾನೋ ಇಲ್ಲವೋ ಎಂಬ ಚಿಂತೆಯಲ್ಲಿ ನನಗೆ ಊಟ ಸೇರುತ್ತಿರಲಿಲ್ಲ.

ಆದ್ದರಿಂದ ತಾವು ದಯವಿಟ್ಟು ವಾರಕ್ಕೊಮ್ಮೆಯಾದರೂ ತುಸು ಮಂಕಾಗಬೇಕೆಂದೂ, ಯಜಮಾನರು ಹತ್ತಿರ ಬಂದಾಗ ನಾಚಿ ಮುಖ ತಿರುಗಿಸಿಕೊಳ್ಳಬೇಕೆಂದೂ ವಿನಂತಿ. ಹೆಂಡತಿಯ ಕಣ್ಣೆದುರೇ ಗಂಡನನ್ನು ಅಷ್ಟು ಹತ್ತಿರ ಬಿಟ್ಟುಕೊಳ್ಳುವುದು ತಮ್ಮಂಥ ದೊಡ್ಡವರಿಗೆ ಶೋಭೆಯಲ್ಲ.

ಮೊನ್ನೆಯ ಭಾನುವಾರದ ವಿಷಯವನ್ನೂ ತಮ್ಮ ಗಮನಕ್ಕೆ ತರಬೇಕು. ತಾವು ಗಿಳಿ ತೋರಿಸುವುದರಲ್ಲಿ ಮಗ್ನರಾಗಿದ್ದಾಗ ಅತ್ತೆಯವರು, "ಬಾರಮ್ಮ, ಆ ಹುಡುಗ ಏನಾದ್ನೋ ನಾವೇ ನೋಡೋಣ" ಎಂದು ನನ್ನನ್ನು ಅಡುಗೆಮನೆಗೆ ಕರೆದೊಯ್ದರು. ಡಬ್ಬಕ್ಕೆ ಒರಗಿಸಿಟ್ಟ, ಗಾಜು ಬಿರುಕು ಬಿಟ್ಟ ನನ್ನ ಮೊಬೈಲಿನಲ್ಲಿ, ಅಂಗೈಯಗಲದ ಗಣಿಯೊಳಗೆ, ಮಣ್ಣು ಕೆದಕುತ್ತಿದ್ದ ತಂಗಿಗೆ ಒಂದು ಕೈ ಸಿಕ್ಕಿತು. ಅತ್ತೆ ಸೊಸೆ ಇಬ್ಬರೂ ಗೊಳೋ ಎಂದೆವು. ಸದ್ದು ಕೇಳಿ ರಿಮೋಟು ಹಿಡಿದೇ ಓಡಿಬಂದ ಯಜಮಾನರು ನಮ್ಮ ಬೆನ್ನ ಹಿಂದಿನಿಂದ ಇಣುಕಿದರು. ಆಮೇಲೆ ಸಣ್ಣ ದನಿಯಲ್ಲಿ, "ಬದುಕಿದಾನೇನೇ?" ಎಂದರು.

ತಾವು ಬಂದಂದಿನಿಂದ ಅವರು ಸಿನಿಮಾದ ಕಥೆಯ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ನನಗಾದ ಸಂತೋಷ ಹೇಳತೀರದು. ಸರಿದು ಜಾಗ ಕೊಟ್ಟೆ. ಅಣ್ಣ ಹೊರಗೆ ಬರುವವರೆಗೂ ಅವರು ನನ್ನ ಭುಜ ಹಿಡಿದುಕೊಂಡೇ ಕೂತಿದ್ದರು, ಮೂಗೊರೆಸಲು ಕೈಗೆ ಸಿಕ್ಕಿದ್ದು ಪಾತ್ರೆ ಒರೆಸುವ ಬಟ್ಟೆ.

ಇಂತಿ, ಸದ್ಯಕ್ಕೆ ಅಡುಗೆಮನೆಯಲ್ಲಿ ಲಭ್ಯಳಾಗಿರುವ
ತಮ್ಮ ವಿಶ್ವಾಸಿ

ತಾ.ಕ.: ಸಿನಿಮಾ ಮುಗಿದದ್ದೇ ತಡ, ಯಜಮಾನರು ಮೊಬೈಲು ಕೈಗೆತ್ತಿಕೊಂಡು, "ಇದರ ಬ್ರೈಟ್‌ನೆಸ್ ಒಂಚೂರು ಸರಿ ಮಾಡ್ಲಾ?" ಎಂದರು. ಅತ್ತೆಯವರು ಅವರ ಕೈಗೆ ಫಟ್ಟೆಂದು ಒಂದು ಏಟು ಕೊಟ್ಟರು. ಹೀಗೆ ಏಟು ಕೊಡುವ ಸೌಲಭ್ಯ ತಮ್ಮಂಥ ದುಬಾರಿ ಮಾದರಿಯಲ್ಲಿ ಏಕಿಲ್ಲವೆಂದು ತಿಳಿಸಿದರೆ ಉಪಕಾರವಾದೀತು.